ಬಾಡಿಗೆ ಮನೆಯ ಸುತ್ತುನೋಟ

ಬಾಡಿಗೆಗೆ ಮನೆ ಹುಡುಕುವವರು ಕೂತಲ್ಲೇ ಫೋನಿನಲ್ಲಿ ಮನೆಯೊಳಗೆಲ್ಲ ಸುತ್ತಾಡಿ ನೋಡುವಂಥ ಫೋಟೊ ತೆಗೆಯುವುದು ಅವನ ಕೆಲಸ. ಈ ಮನೆಯಲ್ಲಿ ಇನ್ನೂ ಜನರಿದ್ದರು. "ಬಣ್ಣ ಹೊಡೆಸೋದಕ್ಕೆ ಅಂತ ಹೇಳಿಬಿಡಿ. ಖಾಲಿ ಮಾಡಿ ಅಂತ ಆಮೇಲೆ ನಾನೇ ಹೇಳ್ತೀನಿ" ಎಂದಿದ್ದರು ಮಾಲೀಕರು. ಬಾಗಿಲು ತೆರೆದ ಹೆಂಗಸಿಗೆ ಅವನು ಹಾಗೆಯೇ ಹೇಳಿದ.

ಆಕೆ ಹಾಸಿಗೆ ಮಡಿಸಿದಳು, ಕುರ್ಚಿಯ ಮೇಲೆ ಒಣಗುತ್ತಿದ್ದ ಬಟ್ಟೆ ತೆಗೆದಳು. ಅವನು ಹಾಲ್‌ನ ನಡುವೆ ಫೋನ್ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗತೊಡಗಿದ.

"ನನ್ನ ಬೆನ್ನ ಹಿಂದೆಯೇ ಇರಿ ಮೇಡಂ. ನಾನು ತಿರುಗಿದ ಹಾಗೆ ನೀವೂ ಸುತ್ತಬೇಕು. ಇಲ್ಲಾಂದ್ರೆ ಫೋಟೊದಲ್ಲಿ ಬೀಳ್ತೀರ."

"ನಮ್ಮನೇಲಿ ನಾವೇ ಬೀಳಬಾರ್ದಾ?" ಎಂದು ನಕ್ಕು ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವನ ಹಿಂದೆಯೇ ಸುತ್ತಿದಳು. ಮಗು ಅವನ ಕಾಲರ್ ಹಿಡಿದು ಎಳೆಯಿತು.

ಅಡುಗೆಮನೆ, ಬಚ್ಚಲು ಎಲ್ಲ ಮುಗಿಯುವ ಹೊತ್ತಿಗೆ ಆಕೆ ಕಾಫಿ ತಂದಳು. ಲೋಟಕ್ಕೆ ಕೈ ಚಾಚಲು ಅವನಿಂದ ಆಗಲಿಲ್ಲ.

"ಅಕ್ಕಾ, ಇದು ಬಣ್ಣಕ್ಕಲ್ಲ. ಹೊಸಬರಿಗೆ ಮನೆ ತೋರಿಸೋಕೆ. ನಿಮ್ಮನ್ನ ಖಾಲಿ ಮಾಡಿಸ್ತಾರೆ. ಸುಳ್ಳು ಹೇಳಿದೆ, ತಪ್ಪಾಯ್ತು."

"ಗೊತ್ತಾಯ್ತು. ಬಣ್ಣ ಹೊಡೆಯೋರಿಗೆ ಗೀಸರ್ ಫೋಟೊ ಯಾಕೆ?"

"ಮತ್ತೆ ಸುಮ್ಮನಿದ್ರಲ್ಲ? ಬೈದು ಕಳಿಸಬೇಕಿತ್ತು."

ಆಕೆ ಲೋಟವನ್ನು ಕಿಟಕಿಯ ಬಳಿ ಇಟ್ಟಳು.

"ಯಾವ ಬಾಯಲ್ಲಿ ಬೈಯಲಿ? ನಾವು ಈ ಮನೆ ಒಪ್ಪಿದ್ದೂ ಇಂಥದೇ ಫೋಟೊ ನೋಡಿ. ಅದರಲ್ಲಿ ಹಾಲ್‌ನ ಕೊಕ್ಕೆಗೆ ಯಾರದೋ ಮಗುವಿನ ತೊಟ್ಟಿಲು ಕಟ್ಟಿತ್ತು. ಕೊಕ್ಕೆ ಇದೆಯಲ್ಲ, ನಮಗೂ ಅನುಕೂಲ ಅಂದ್ಕೊಂಡ್ವಿ."