ಬಿಟ್ಟುಹೋದ ‘ಅಂತ’

“ಇನ್ನೊಂದ್ಸಲ ಹಾಕಪ್ಪ,” ಎಂದರು ಸಂಪಾದಕಿ.

ಎಡಿಟಿಂಗ್ ಕೋಣೆಯಲ್ಲಿ ಮೂವರೇ ಇದ್ದರು. ಯಂತ್ರದ ಮುಂದೆ ಕತ್ತರಿ, ಅವನ ಬೆನ್ನ ಹಿಂದೆ ಸಂಪಾದಕಿ, ಬಾಗಿಲಿಗೆ ಒರಗಿ ವರದಿಗಾರ್ತಿ. ಟೀವಿ ಸುದ್ದಿಯನ್ನು ಕತ್ತರಿಸಿ ಜೋಡಿಸುವವನಿಗೆ ಕತ್ತರಿ ಎನ್ನದೆ ಇನ್ನೇನು ಹೆಸರಿಡುತ್ತಾರೆ? ಅವನ ನಿಜವಾದ ಹೆಸರು ಸಂಬಳ ಕೊಡುವವರಿಗಷ್ಟೇ ಗೊತ್ತಿತ್ತು. ಮಾತು ಕಡಿಮೆ, ಆಡಿದರೂ ಗಂಟಲು ಕಟ್ಟಿದವನಂತೆ ಪಿಸುಪಿಸು.

ಕತ್ತರಿ ಗುಂಡಿ ಒತ್ತಿದ. ತೆರೆಯ ಮೇಲೆ ವ್ಯಾಪಾರಿಗಳ ಸಭೆ. ಮೈಕಿನ ಮುಂದೆ ಅಭ್ಯರ್ಥಿ, ಊರೆಲ್ಲ ‘ಅಣ್ಣ’ ಎಂದು ಕರೆಯುವ ಮನುಷ್ಯ. “ನಾನು ಗೆದ್ರೆ ಹೆರಿಗೆ ಆಸ್ಪತ್ರೆ ಮುಚ್ಚಿಸಿ ಆ ಜಾಗದಲ್ಲಿ ಮಾರ್ಕೆಟ್ ಕಟ್ಟಿಸ್ತೀನಿ...” ಚಪ್ಪಾಳೆ ಬಿತ್ತು. ಕ್ಯಾಮೆರಾ ಜನರ ಕಡೆ ಹೊರಳಿತು. ಆ ಗದ್ದಲದ ನಡುವೆ ಅದೇ ದನಿಯಲ್ಲಿ ಒಂದು ಪುಟ್ಟ ಪದ: “ಅಂತ.” ಮತ್ತೆ ಅಣ್ಣನ ಮುಖ. “ಯಾರ್ರೀ ಕೇಳೋರು?”

ಆ ಒಂದು ಪದದಲ್ಲಿತ್ತು ಎಲ್ಲ. ಅದಿಲ್ಲದಿದ್ದರೆ, ಮುಚ್ಚಿಸುತ್ತೇನೆ, ನನ್ನನ್ನು ಕೇಳುವವರು ಯಾರು ಎಂಬ ಸೊಕ್ಕು. ಅದಿದ್ದರೆ, ಹಾಗಂತ ಯಾರೋ ಹಬ್ಬಿಸುತ್ತಿದ್ದಾರೆ, ಅದಕ್ಕೆ ಕಿವಿಗೊಡುವವರು ಯಾರು ಎಂಬ ತಮಾಷೆ.

ಮೊನ್ನೆ ಕತ್ತರಿ ರಜೆಯಲ್ಲಿದ್ದ. ವರದಿಗಾರ್ತಿ ತಾನೇ ಕೂತು, ‘ಕಟ್ಟಿಸ್ತೀನಿ’ ಎಂಬಲ್ಲಿಗೆ ಮಾತು ತುಂಡರಿಸಿ ಪ್ರಸಾರಕ್ಕೆ ಕಳಿಸಿದ್ದಳು. ಬೆಳಗಾಗುವುದರೊಳಗೆ ಬಸುರಿಯರು ಆಸ್ಪತ್ರೆಯ ಮುಂದೆ ರಸ್ತೆಯಲ್ಲೇ ಕೂತರು. ಅಣ್ಣನ ಕಡೆಯವರು ಬಾಯಿಬಾಯಿ ಬಡಿದುಕೊಂಡರು. ಪೂರ್ತಿ ಮಾತು ತೋರಿಸಿ, ಇಲ್ಲವಾದರೆ ಕೋರ್ಟಿಗೆ ಬನ್ನಿ ಎಂದರು ಅವರ ವಕೀಲರು. ರಜೆ ಮುಗಿಸಿ ಬಂದ ಕತ್ತರಿ ಬೆಳಿಗ್ಗೆಯೇ ಮೂಲ ದೃಶ್ಯ ಹುಡುಕಿ ತೆಗೆದಿಟ್ಟಿದ್ದ. ನಾಳೆಯೇ ಮತದಾನ.

“ಮೇಡಂ, ನಾನು ಅಲ್ಲೇ ಇದ್ದೆ,” ಎಂದಳು ವರದಿಗಾರ್ತಿ. “ಅವರು ‘ಅಂತ’ ಅನ್ನಲೇ ಇಲ್ಲ. ಅಂದಿದ್ರೆ ಜನ ಚಪ್ಪಾಳೆ ಯಾಕೆ ತಟ್ತಾರೆ?”

“ಪೂರ್ತಿ ಕೇಳದೆ ತಟ್ಟಿದ್ರು,” ಎಂದು ಪಿಸುಗುಟ್ಟಿದ ಕತ್ತರಿ. “ಕೆಲವರು ಪೂರ್ತಿ ಕೇಳದೆ ಕತ್ತರಿಸ್ತಾರಲ್ಲ, ಹಾಗೆ.”

ಅವಳು ಕೆಂಪಾದಳು. ಸಭೆಯಲ್ಲಿದ್ದ ಒಬ್ಬೊಬ್ಬ ವ್ಯಾಪಾರಿಗೂ ಅವಳು ಫೋನ್ ಮಾಡಿದ್ದಳು. ಒಬ್ಬನೂ ತುಟಿ ಬಿಚ್ಚಿರಲಿಲ್ಲ.

ಸಂಪಾದಕಿ ಕನ್ನಡಕ ತೆಗೆದರು. “ನಿಮ್ಮಕ್ಕ ಆ ಆಸ್ಪತ್ರೆಲೇ ನರ್ಸ್ ಅಲ್ವೇನಮ್ಮ?”

“ನಾನೇ ಹೇಳಿದ್ದೆನಲ್ಲ ಮೇಡಂ. ನೀವು ಕೇಳಿದ ದಿನವೇ.”

ಹೌದು, ಹೇಳಿದ್ದಳು. ಚುನಾವಣೆ ಶುರುವಾದಾಗ ಸಂಪಾದಕಿ ಎಲ್ಲರನ್ನೂ ಕೂರಿಸಿ ಕೇಳಿದ್ದರು: ಯಾವುದಾದರೂ ಪಕ್ಷದ ಜೊತೆ, ಅಭ್ಯರ್ಥಿಯ ಜೊತೆ ನಂಟಿದ್ದರೆ ಈಗಲೇ ಬಾಯಿ ಬಿಡಿ. ಇವಳು ಅಕ್ಕನ ವಿಷಯ ಹೇಳಿದ್ದಳು. ಅಭ್ಯರ್ಥಿಯ ಮಾತು ಬಂದಾಗ ಕತ್ತರಿ ಕೈಯೆತ್ತಿ, “ಅವರು ನನಗೆ ಅಣ್ಣ ಆಗಬೇಕು ಮೇಡಂ,” ಎಂದಿದ್ದ. “ಊರಿಗೆಲ್ಲಾ ಅಣ್ಣ, ನಿನಗೊಬ್ಬನಿಗೆ ಮಾವ ಆಗ್ತಾರಾ?” ಎಂದು ಯಾರೋ ಕಾಲೆಳೆದರು. ಸಂಪಾದಕಿಯೂ ಸೇರಿ ಎಲ್ಲರೂ ನಕ್ಕಿದ್ದರು.

ಈಗ ನಗುವವರಿರಲಿಲ್ಲ. ‘ನಮ್ಮ ತಪ್ಪನ್ನು ನಾವೇ ಹೇಳುತ್ತೇವೆ’ ಎಂದು ದಿನಾ ತೆರೆಯ ಮೇಲೆ ಬರುತ್ತಿದ್ದುದು ಸಂಪಾದಕಿಯದೇ ಮಾತು. ಪುಣ್ಯಾತ್ಮಗಿತ್ತಿ ಅದನ್ನು ನಿಜವಾಗಿಯೂ ನಂಬಿದ್ದರು. ಮೂಲ ದೃಶ್ಯದಲ್ಲಿ ‘ಅಂತ’ ಇದೆ, ಪ್ರಸಾರವಾದದ್ದರಲ್ಲಿ ಇಲ್ಲ. ಇನ್ನೇನು ಬೇಕು?

“ಇವತ್ತೇ ಕ್ಷಮೆ ಕೇಳೋಣ. ಗಂಟೆಗೊಂದು ಸಲ ಪೂರ್ತಿ ಮಾತು ಹಾಕೋಣ. ನೀನೇ ಓದಬೇಕು. ಆಮೇಲೆ ನಿನ್ನ ರಾಜೀನಾಮೆ.”

ವರದಿಗಾರ್ತಿ ಬಾಗಿಲು ಬಿಟ್ಟು ಮುಂದೆ ಬಂದಳು. ಕೆಲಸ ಹೋದರೆ ಹಾಳಾಗಿ ಹೋಗಲಿ. ಮಾತು ತಿರುಚಿದವಳು ಎಂದು ಹೆಸರು ಹೊತ್ತು ಇನ್ನು ಯಾವ ಚಾನೆಲ್ಲಿನ ಮೆಟ್ಟಿಲು ಹತ್ತುವುದು? ಅದಕ್ಕಿಂತ ಕೆಟ್ಟದ್ದು, ಅವಳಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬರತೊಡಗಿತ್ತು. ಗದ್ದಲವಿತ್ತು, ನಿಜ. ಅಕ್ಕನ ಆಸ್ಪತ್ರೆ ಎಂಬ ಸಿಟ್ಟಿತ್ತು, ಅದೂ ನಿಜ.

“ಕೆಲಸದಿಂದ ತೆಗೀಬೇಡಿ ಮೇಡಂ,” ಎಂದ ಕತ್ತರಿ. “ಅವಸರದಲ್ಲಿ ಮಾತಿನ ಬಾಲ ಬಿಟ್ಟುಹೋಗುತ್ತೆ. ಬೇಕಂತ ಮಾಡಿಲ್ಲ. ಬೇಕಾದ್ರೆ ನನ್ನ ರಜೆ ಮೇಲೇ ತಪ್ಪು ಹಾಕಿ.”

ಸಂಪಾದಕಿ ಕನ್ನಡಕ ಮತ್ತೆ ಹಾಕಿಕೊಂಡರು. ಕೊನೆಗೆ, “ನಿನ್ನ ಮುಖ ನೋಡಿ ಬಿಡ್ತಿದೀನಿ,” ಎಂದು ಎದ್ದುಹೋದರು. ವರದಿಗಾರ್ತಿ ಕತ್ತರಿಗೆ ಕೈ ಮುಗಿದಳು. ಅವನು ಮುಖ ತಿರುಗಿಸಿ ಯಂತ್ರದ ವೈರುಗಳನ್ನು ಸರಿಮಾಡುತ್ತ ನಿಂತ.

ಮಧ್ಯಾಹ್ನದ ಸುದ್ದಿಯಲ್ಲಿ ಅವಳು ಕಣ್ಣೊರೆಸಿಕೊಂಡು ಕ್ಷಮೆ ಓದಿದಳು. ಹಿಂದೆಯೇ ಪೂರ್ತಿ ಮಾತು ಬಂತು. ತಪ್ಪು ಒಪ್ಪಿಕೊಂಡ ಚಾನೆಲ್ ಎಂದು ಹೊಗಳುವ ಫೋನುಗಳು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಆಸ್ಪತ್ರೆಯ ಮುಂದಿನ ರಸ್ತೆ ಖಾಲಿಯಾಯಿತು. ಬಸುರಿಯರು, “ಪಾಪ, ಅವರು ಹಾಗಂದೇ ಇಲ್ಲವಂತೆ,” ಎನ್ನುತ್ತ ಮನೆಗೆ ಹೋದರು.

ಕತ್ತರಿ ಕೋಣೆಗೆ ಬೀಗ ಹಾಕಿ ಮೆಟ್ಟಿಲಿಳಿಯುವಾಗ ಫೋನ್ ಬಂತು. ತಾಯಿ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಗಂಟಲು ಬಿಟ್ಟು ತುಂಬು ದನಿಯಲ್ಲಿ “ಏನಮ್ಮ?” ಎಂದ.

“ಟೀವಿ ನೋಡಿದೆ ಕಣೋ. ಆ ಹುಡುಗಿ ಯಾಕೋ ಅಷ್ಟು ಅಳ್ತಿದ್ಲು?”

“ತಪ್ಪು ಮಾಡಿದ್ಲಮ್ಮ. ಅಣ್ಣನ ಮಾತು ಅರ್ಧಕ್ಕೇ ಕತ್ತರಿಸಿಬಿಟ್ಟಿದ್ಲು.”

ಆ ಕಡೆ ತಾಯಿ ಟೀವಿ ಆರಿಸಿದ ಸದ್ದು ಕೇಳಿತು.

“ನಿಮ್ಮಿಬ್ಬರ ದನಿ ನಿಮ್ಮಪ್ಪನಿಗೇ ಗೊತ್ತಾಗ್ತಿರಲಿಲ್ಲ, ಊರೋರಿಗೇನು ಗೊತ್ತಾಗುತ್ತೆ, ಹೆತ್ತೋಳು ನಾನು, ನನಗೆ ಗೊತ್ತಾಗಲ್ವೇನೋ, ಉಳಿದಿದ್ದೆಲ್ಲ ನಿಮ್ಮಣ್ಣ ಆಡಿದ್ದು, ಆ ‘ಅಂತ’ ಅಂದೋನು ನೀನು.”