ತೆರೆಯ ಮೇಲಿನ ಮಿಸ್

"ಮುಟ್ಬೇಡಿ ವಸಂತ್, ಅದನ್ನ ಮಾತ್ರ ಮುಟ್ಬೇಡಿ!" ಉಮ್ಮೆ ಕುಲ್ಸುಂ ಕುರ್ಚಿಯಿಂದ ಎದ್ದೇಬಿಟ್ಟರು.

ವಸಂತ್ ಮೌಸಿನಿಂದ ಕೈ ತೆಗೆದ. ಇಂದಿರಾನಗರದ ಆ ಕಂಪನಿಯಲ್ಲಿ ಆನ್‌ಲೈನ್ ಪಾಠಗಳನ್ನು ಕತ್ತರಿಸಿ ಜೋಡಿಸುವುದು ಅವನ ಕೆಲಸ. ಕಂಪ್ಯೂಟರಿನಲ್ಲೂ ಇದೇ ಉಮ್ಮೆ ಕುಲ್ಸುಂ, ಶಿವಾಜಿನಗರದ ಕಾಲೇಜೊಂದರ ಅರ್ಥಶಾಸ್ತ್ರದ ಮಿಸ್. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಿಂತೇ ಇದ್ದರು. ಆಮೇಲೆ ಕ್ಲಾಸಿನ ಅಭ್ಯಾಸದಂತೆ ತಲೆಯಾಡಿಸಿ, ಯಾರೂ ಇಲ್ಲದ ಕಡೆ "ಸರಿ, ಕೂತ್ಕೊ" ಎಂದು ಹೇಳಿ ಬೋರ್ಡಿಗೆ ತಿರುಗಿದರು.

"ಮಿಸ್, ನೋಡೋರು ನೆಟ್ ಹೋಯ್ತು ಅಂದ್ಕೋತಾರೆ. ಈ ಗ್ಯಾಪ್ ತೆಗೀದಿದ್ರೆ ಕೋರ್ಸನ್ನ ಬೇರೆ ಲೆಕ್ಚರರ್‌ಗೆ ಕೊಡ್ತಾರಂತೆ. ಬಾಸ್ ಹೇಳ್ಬಿಟ್ಟಿದ್ದಾರೆ."

"ಯೋಚ್ನೆ ಮಾಡೋಕೆ ಟೈಮ್ ಕೊಡ್ದೆ ಪ್ರಶ್ನೆ ಯಾಕ್ರೀ ಕೇಳ್ಬೇಕು? ನಾನೇನು ರೇಡಿಯೋನಾ?"

ಬಾಯಿ ಜೋರು ಮಾಡಿದರೂ ಕೋರ್ಸು ಬಿಟ್ಟುಕೊಡುವ ಮನಸ್ಸು ಅವರಿಗಿರಲಿಲ್ಲ. ಮದುವೆಯಾಗಿ ಕಾಲೇಜು ಬಿಟ್ಟ ಹುಡುಗಿಯರು ಮನೆಯಲ್ಲೇ ಕೂತು ಬಿ.ಎ. ಮುಗಿಸಲಿ ಎಂದೇ ಅವರು ಈ ಕ್ಯಾಮೆರಾ ಕಾಟಕ್ಕೆ ಒಪ್ಪಿದ್ದು. ಕೊನೆಗೆ ಒಂದು ರಾಜಿಯಾಯಿತು: ಅಂಥ ಒಬ್ಬಳನ್ನು ಕರೆಸಿ ಪಾಠ ತೋರಿಸುವುದು. ಮೌನ ಬಂದಾಗ ಅವಳು ಬೇಸತ್ತರೆ ಕತ್ತರಿ. ಕೂತು ಯೋಚಿಸಿದರೆ ಮೌನ ಉಳಿಯುತ್ತದೆ.

ಮರುದಿನ ತಾಹೇರಾ ಬಂದಳು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯವರ ಸೊಸೆ. ಕಾಲೇಜಿನಲ್ಲಿದ್ದಾಗ ಕೊನೇ ಬೆಂಚು, ಬಾಯಿ ಬಿಟ್ಟವಳಲ್ಲ. ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಇಬ್ಬರೂ ಹಿಂದೆ ನಿಂತರು. ನಿಂತದ್ದು ವಸಂತ್ ಒಬ್ಬನೇ ಅನ್ನಿ. ಉಮ್ಮೆ ಕುಲ್ಸುಂ ಸೆರಗಿನ ತುದಿ ತಿರುಚುತ್ತ ಕಿಟಕಿಗೆ ಹೋದರು, ಬಂದರು, ಮತ್ತೆ ಹೋದರು.

"ಬೆಲೆ ಏರಿದ್ರೆ ಬೇಡಿಕೆ ಏನಾಗತ್ತೆ?" ತೆರೆಯ ಮೇಲಿನ ಮಿಸ್ ಕೇಳಿ ಸುಮ್ಮನಾದರು.

ತಾಹೇರಾ ಮೌಸ್ ಮುಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ತೆರೆಯನ್ನೇ ನೋಡಿದಳು. ಆಮೇಲೆ, ಅಬ್ಬಾ, ಹುಡುಗಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇ ನಿಂತಳು!

"ಜಾಸ್ತಿ ಆಗತ್ತೆ ಮಿಸ್! ರಂಜಾನ್ ಟೈಮಲ್ಲಿ ನಮ್ ಅಂಗಡೀಲಿ ರೇಟೂ ಜಾಸ್ತಿ, ಜನಾನೂ ಜಾಸ್ತಿ."

ತಪ್ಪು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಇಡೀ ಪಾಠ ನಿಂತಿರುವುದೇ ಆ ಮಾತಿನ ಮೇಲೆ. ಹಬ್ಬದ ವಿಷಯ ಬೇರೆ ಕಣಮ್ಮಾ ಎನ್ನಲು ಉಮ್ಮೆ ಕುಲ್ಸುಂ ಬಾಯಿ ತೆರೆದರು. ಅಷ್ಟರಲ್ಲಿ ತೆರೆಯ ಮೇಲಿನ ಮಿಸ್ ತಲೆಯಾಡಿಸಿಬಿಟ್ಟರು.

"ಸರಿ, ಕೂತ್ಕೊ."

ತಾಹೇರಾ ಕೂತಳು. ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ತೆರೆಯನ್ನೇ ನೋಡುತ್ತಿದ್ದಳು.

"ಗೆದ್ಬಿಟ್ರಿ ಮಿಸ್," ವಸಂತ್ ಪಿಸುಗುಟ್ಟಿದ. "ಗ್ಯಾಪ್ ಹಾಗೇ ಇರ್ಲಿ. ಬಾಸ್‌ಗೆ ನಾನು ಹೇಳ್ತೀನಿ."

"ಗ್ಯಾಪ್ ಇರ್ಲಿ. ಆ 'ಸರಿ' ಒಂದನ್ನ ತೆಗೆದ್ಬಿಡಿ," ಉಮ್ಮೆ ಕುಲ್ಸುಂ ತಡವರಿಸಿದರು. "ಈಗ್ಲೇ ತೆಗೀರಿ."

ತಾಹೇರಾ ಗಾಬರಿಯಿಂದ ತಿರುಗಿದಳು.

"ಬೇಡ ಮಿಸ್. ಕ್ಲಾಸಲ್ಲಿ ನೀವು ನಂಗೆ ಒಂದ್ಸಲಾನೂ ಸರಿ ಅಂದಿರ್ಲಿಲ್ಲ."