ಕಷಾಯದ ಫ್ಲಾಸ್ಕು

"ಈ ಎತ್ತರದಲ್ಲಿ ಕುಡಿಯೋ ಮಾತೇ ಬೇಡ. ಮೊದಲೇ ಉಸಿರು ಸಾಲಲ್ಲ, ಒಂದೇ ಪೆಗ್ಗಿಗೆ ತಲೆ ಗಿರ್ರನ್ನುತ್ತೆ," ಎಂದು ಪ್ರವಾಸಿ ತಂಡದ ಡಾಕ್ಟರು ಎಚ್ಚರಿಸಿದಾಗ ಕೆಂಪರಾಜು ನಕ್ಕಿದ್ದ.

"ನಮ್ದು ಮಂಡ್ಯದ ಗುಂಡಿಗೆ ಸಾರ್, ಅಲ್ಲಾಡಲ್ಲ!"

ಹೆಂಡತಿ ಕಾಯಿಸಿಕೊಟ್ಟ ಕಷಾಯವನ್ನು ಆಗಲೇ ಚೆಲ್ಲಿ, ಫ್ಲಾಸ್ಕಿಗೆ ರಮ್ ತುಂಬಿಸಿಕೊಂಡಿದ್ದ. ನೆಗಡಿಯಿಂದ ಮೂಗು ಕಟ್ಟಿದ್ದ ಅವಳಿಗೆ ವಾಸನೆ ಹತ್ತಿರಲಿಲ್ಲ.

ಹಿಮಾಲಯದ ಘಾಟಿಯ ನೆತ್ತಿಯಲ್ಲಿ ಬಸ್ಸು ನಿಂತಿತು. ಮುಂದೆ ಬರೀ ಇಳಿಜಾರು, ಪಕ್ಕದಲ್ಲಿ ಪ್ರಪಾತ. ಫೋಟೊ ತೆಗೆಸಿಕೊಂಡು ಬಂದು ಕೂತ ಕೆಂಪರಾಜು ಆಸೆಯಿಂದ ಫ್ಲಾಸ್ಕು ಎತ್ತಿದ. ಖಾಲಿ.

"ಲೇ, ನನ್ನ ಕಷಾಯ ಎಲ್ಲೇ?"

"ಪಾಪ, ತಲೆ ಸಿಡೀತದೆ ಅಂದ ಕಣ್ರೀ, ಪೂರ್ತಿ ಕೊಟ್ಬಿಟ್ಟೆ. ಗಟಗಟ ಕುಡ್ದು ನನ್ನ ಕಾಲಿಗೇ ಬಿದ್ದ."

"ಯಾರೇ ಅವ್ನು?"

ಡ್ರೈವರು ಗಟ್ಟಿಯಾಗಿ ಹಾಡಿಕೊಳ್ಳುತ್ತ ಬ್ರೇಕು ಬಿಟ್ಟ.